ನಂದಿ ಹಾಲ್ಟಿನ ಚಿಕ್ಕ ರೈಲು

ಮಕ್ಕಳೇ, ರೈಲ್ವೆಯವರ ಭಾಷೆಯಲ್ಲಿ ‘ಹಾಲ್ಟ್’ ಎಂಬ ಮಾತೊಂದಿದೆ. ರೈಲು ಒಂದು ಗಳಿಗೆ ನಿಂತು, ಇಳಿಯುವವರನ್ನು ಇಳಿಸಿ, ಹತ್ತುವವರನ್ನು ಹತ್ತಿಸಿಕೊಂಡು ಹೊರಟುಬಿಡುವ ಸಣ್ಣ ನಿಲ್ದಾಣಕ್ಕೆ ಹಾಗೆನ್ನುತ್ತಾರೆ. ಅಲ್ಲಿ ಮೇಲ್ಸೇತುವೆ ಇರುವುದಿಲ್ಲ, ಪುಸ್ತಕದಂಗಡಿ ಇರುವುದಿಲ್ಲ, ಕೆಂಪು ಅಂಗಿಯ ಕೂಲಿಗಳಿರುವುದಿಲ್ಲ. ನಾನು ಹುಟ್ಟಿ ಬೆಳೆದ ಹಳ್ಳಿಯಿಂದ ಎರಡು ಮೈಲಿ ದೂರದಲ್ಲಿ ಅಂಥದೊಂದು ನಿಲ್ದಾಣವಿತ್ತು. ಹೆಸರು ನಂದಿ ಹಾಲ್ಟ್. ನಂದಿ ಬೆಟ್ಟದ ತಪ್ಪಲಿನಲ್ಲಿ, ಹೊಲಗಳ ನಡುವೆ ಒಂಟಿಯಾಗಿ ಕೂತ ಹೆಂಚಿನ ಮಾಡಿನ ಕಟ್ಟಡ. ನಮ್ಮೂರ ಹಿರಿಯರ ಬಾಯಲ್ಲಿ ಅದು ‘ಆಲ್ಟು’. “ಆಲ್ಟು ರೈಲು ಕೂಗ್ತು, ಎಮ್ಮೆ ಹೊಡ್ಕಂಡ್ ಬಾ” ಎಂದರೆ ಸಂಜೆಯಾಯಿತು ಎಂದರ್ಥ. ಊರಿನಲ್ಲಿ ಗಡಿಯಾರವಿದ್ದದ್ದು ಎರಡೇ ಮನೆಯಲ್ಲಿ. ಉಳಿದವರಿಗೆಲ್ಲ ರೈಲಿನ ಸಿಳ್ಳೆಯೇ ಗಡಿಯಾರ.

ಆ ರೈಲನ್ನು ನಾವು ಚಿಕ್ಕ ರೈಲು ಎನ್ನುತ್ತಿದ್ದೆವು. ಅದು ನಿಜಕ್ಕೂ ಚಿಕ್ಕದೇ. ಎಷ್ಟು ಚಿಕ್ಕದು ಅಂತೀರಾ? ಒಂದು ಸೀಮೆಸುಣ್ಣ ತೆಗೆದುಕೊಂಡು ಅಂಗಳದಲ್ಲಿ ಎರಡೂವರೆ ಅಡಿ ದೂರಕ್ಕೆ ಎರಡು ಗೆರೆ ಎಳೆಯಿರಿ. ಆ ಎರಡು ಗೆರೆಗಳೇ ಚಿಕ್ಕ ರೈಲಿನ ಎರಡು ಕಂಬಿಗಳು. ಲೆಕ್ಕಕ್ಕೆ ಹೇಳುವುದಾದರೆ 762 ಮಿಲಿಮೀಟರು. ಈಗ ಐದೂವರೆ ಅಡಿ ದೂರಕ್ಕೆ ಇನ್ನೆರಡು ಗೆರೆ ಎಳೆಯಿರಿ. ಅದು 1,676 ಮಿಲಿಮೀಟರು. ಇವತ್ತು ನೀವು ಹತ್ತುವ ರೈಲುಗಳೆಲ್ಲ ಹೆಚ್ಚುಕಡಿಮೆ ಇದೇ ಅಗಲದ ಹಳಿಯ ಮೇಲೆ ಓಡುತ್ತವೆ. ಇದು ಬ್ರಾಡ್‌ಗೇಜ್, ಅದು ನ್ಯಾರೋಗೇಜ್. ಇವೆರಡರ ನಡುವೆ ಒಂದು ಮೀಟರು ಅಗಲದ ಮೀಟರ್‌ಗೇಜ್ ಎಂಬ ಮೂರನೆಯದೂ ಇತ್ತು. ದೊಡ್ಡ ಗೆರೆಗಳ ನಡುವೆ ತಾತನನ್ನು ಅಡ್ಡಡ್ಡ ಮಲಗಲು ಹೇಳಿ ನೋಡಿ, ತಲೆಯೋ ಪಾದವೋ ಗೆರೆ ಮುಟ್ಟೀತು. ಚಿಕ್ಕ ಗೆರೆಗಳನ್ನು ನಾಲ್ಕನೇ ತರಗತಿಯ ಹುಡುಗ ಒಂದೇ ಹೆಜ್ಜೆಗೆ ದಾಟಬಹುದು.

ಇಷ್ಟು ಚಿಕ್ಕ ಹಳಿ ಯಾಕೆ ಹಾಕಿದರು? ಖರ್ಚು ಕಡಿಮೆ ಎಂದು. ಹಳಿ ಕಿರಿದಾದರೆ ಅದರಡಿ ಹಾಸುವ ಮರದ ದಿಮ್ಮಿಗಳೂ ಚಿಕ್ಕವು, ಕಂಬಿಯೂ ಹಗುರ, ಮಣ್ಣಿನ ಕೆಲಸವೂ ಸ್ವಲ್ಪ. ಗುಡ್ಡ ಅಡ್ಡ ಬಂದರೆ ಅಗೆಯುವ ಬದಲು ಬಳಸಿಕೊಂಡು ಹೋಗಬಹುದು, ಯಾಕೆಂದರೆ ಚಿಕ್ಕ ರೈಲು ಚೂಪು ತಿರುವುಗಳಲ್ಲೂ ತಿರುಗುತ್ತದೆ. ಹಳ್ಳಿಗಳ ಕಡೆ ಜನ ಕಡಿಮೆ, ಸರಕು ಕಡಿಮೆ. ದೊಡ್ಡ ರೈಲು ಹಾಕಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಚಿಕ್ಕದಾದರೂ ಆಗಲಿ, ರೈಲು ಅಂತ ಒಂದು ಇರಲಿ ಎಂದು ಆಗಿನವರು ಲೆಕ್ಕ ಹಾಕಿದರು.

ಕೋಲಾರ ಜಿಲ್ಲೆಯ ಈ ಚಿಕ್ಕ ಹಳಿ ಎರಡು ತುದಿಗಳಿಂದ ಬೆಳೆಯಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಮೊದಲ ತುಂಡು ಬಂತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರು ಹೊತ್ತ ಆ ಊರು ಈಗ ಬಂಗಾರಪೇಟೆ. 1864ರಲ್ಲೇ ಬೆಂಗಳೂರು ದಂಡಿಗೆ ಮದರಾಸಿನ ಕಡೆಯಿಂದ ಬಂದಿದ್ದ ದೊಡ್ಡ ರೈಲು ಆ ಊರಿನ ಮೇಲೆಯೇ ಹಾಯುತ್ತಿತ್ತು. ಇತ್ತ 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ ಯಶವಂತಪುರದ ಕಡೆಯಿಂದ ಇನ್ನೊಂದು ತುಂಡು ಹಾಕಿತು. ನಮ್ಮ ನಂದಿ ಹಾಲ್ಟಿನ ಕಟ್ಟಡ ಆ ಕಾಲದ್ದು. ಆಮೇಲೆ ಎರಡೂ ತುಂಡುಗಳು ನಡುವೆ ಕೂಡಿಕೊಂಡು ಯಲಹಂಕದಿಂದ ಬಂಗಾರಪೇಟೆಗೆ ಸುಮಾರು 150 ಕಿಲೋಮೀಟರಿನ ಒಂದೇ ದಾರಿಯಾಯಿತು.

ಆಗ ಮೈಸೂರಿನ ದಿವಾನರು ಯಾರು ಗೊತ್ತೇ? ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಅವರು ಹುಟ್ಟಿದ ಮುದ್ದೇನಹಳ್ಳಿ ಇದೇ ನಂದಿ ಬೆಟ್ಟದ ಸೀಮೆಯದು, ಬಾಲ್ಯದಲ್ಲಿ ಓದಿದ್ದು ಚಿಕ್ಕಬಳ್ಳಾಪುರದಲ್ಲಿ. ಅವರು ಚಿಕ್ಕ ಹುಡುಗನಾಗಿದ್ದಾಗ ಆ ಕಡೆ ರೈಲಿನ ಸುಳಿವೇ ಇರಲಿಲ್ಲ. ಅವರು ದಿವಾನರಾಗಿರುವಾಗ ಅವರ ಹುಟ್ಟೂರಿನ ಮಗ್ಗುಲಲ್ಲೇ ರೈಲು ಸಿಳ್ಳೆ ಹಾಕಿತು.

ನಾನು ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿದ್ದು ಈ ದಾರಿಯ ಊರುಗಳನ್ನು. ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಆವತಿ, ವೆಂಕಟಗಿರಿಕೋಟೆ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ. ನಡುನಡುವೆ ಸಣ್ಣಪುಟ್ಟ ನಿಲುಗಡೆಗಳು ಬೇರೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ತಾತ ಒಂದು ಕಾಸು ಕೊಡುತ್ತಿದ್ದರು. ಉಸಿರು ಯಾವಾಗಲೂ ಶ್ರೀನಿವಾಸಪುರದ ಹತ್ತಿರ ಕಟ್ಟುತ್ತಿತ್ತು.

ಹಾಲ್ಟಿಗೆ ಹೋಗುವುದೆಂದರೆ ನಮಗೆ ಜಾತ್ರೆಗೆ ಹೋದ ಹಾಗೆ. ಕಟ್ಟಡದ ಮುಂದೆ ಒಂದು ತುಂಡು ರೈಲುಕಂಬಿಯನ್ನು ತೂಗುಹಾಕಿದ್ದರು. ಅದೇ ಗಂಟೆ. ರೈಲು ಹಿಂದಿನ ಸ್ಟೇಷನ್ ಬಿಟ್ಟಿತೆಂದು ಗೊತ್ತಾದ ಕೂಡಲೇ ಅದಕ್ಕೆ ಠಣ್ ಠಣ್ ಎಂದು ಬಡಿಯುತ್ತಿದ್ದರು. ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ. ಅದರಾಚೆ ಟಿಕೆಟ್ಟಿನ ಮಾಸ್ಟ್ರು. ಟಿಕೆಟ್ಟು ಈಗಿನ ಹಾಗೆ ತೆಳು ಕಾಗದವಲ್ಲ. ಗಟ್ಟಿ ರಟ್ಟಿನ ತುಂಡು, ಸುಮಾರು ಐದೂ ಮುಕ್ಕಾಲು ಸೆಂಟಿಮೀಟರು ಉದ್ದ, ಮೂರು ಸೆಂಟಿಮೀಟರು ಅಗಲ. ಇಂಗ್ಲೆಂಡಿನ ಎಡ್ಮಂಡ್ಸನ್ ಎಂಬುವರು ಕಂಡುಹಿಡಿದ ಈ ರಟ್ಟಿನ ಟಿಕೆಟ್ಟು ಕಂಪ್ಯೂಟರು ಬರುವವರೆಗೂ ನಮ್ಮ ದೇಶದಲ್ಲೆಲ್ಲ ನಡೆಯಿತು. ಊರುಗಳ ಹೆಸರು ಮೊದಲೇ ಅಚ್ಚಾಗಿರುತ್ತಿತ್ತು. ಮಾಸ್ಟ್ರು ಅದನ್ನು ಒಂದು ಸಣ್ಣ ಕಬ್ಬಿಣದ ಯಂತ್ರದ ಬಾಯಿಗೆ ತುರುಕಿ ಎಳೆದರೆ ‘ಟಕ್’ ಎಂದು ತಾರೀಖು ಬೀಳುತ್ತಿತ್ತು. ಇಳಿದ ಊರಿನಲ್ಲಿ ಟಿಕೆಟ್ಟು ಹಿಂದಕ್ಕೆ ಕೊಡಬೇಕು. ಕೊಡದೆ ಜೇಬಿನಲ್ಲೇ ಉಳಿಸಿಕೊಂಡ ಹುಡುಗನಿಗೆ ಶಾಲೆಯಲ್ಲಿ ಬಲು ಬೆಲೆ.

ಶಿವರಾತ್ರಿ ಬಂತೆಂದರೆ ಹಾಲ್ಟಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಂದಿಯ ಭೋಗನಂದೀಶ್ವರನ ತೇರು, ಅದರ ಜೊತೆಗೆ ದನಗಳ ಜಾತ್ರೆ. ಚಿಂತಾಮಣಿ, ಶ್ರೀನಿವಾಸಪುರದ ಕಡೆಯ ರೈತರು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೊಸ ಮೂಗುದಾರ ಹಿಡಿದುಕೊಂಡು ಇಳಿಯುತ್ತಿದ್ದರು. ಬರುವಾಗ ರೈಲು, ಹೋಗುವಾಗ ಕೊಂಡ ಎತ್ತುಗಳ ಜೊತೆ ಕಾಲ್ನಡಿಗೆ. ಬೇರೆ ದಿನಗಳಲ್ಲಿ ಶಿಡ್ಲಘಟ್ಟದ ಪೇಟೆಗೆ ರೇಷ್ಮೆಗೂಡು ಒಯ್ಯುವವರು. ಗೂಡಿನ ಆ ವಾಸನೆ ಡಬ್ಬಿಯ ತುಂಬ. ರೈಲು ಹೊಗೆಯುಗುಳುವಾಗ ಕಿಟಕಿಯಿಂದ ಇಣುಕಿದರೆ ಕಣ್ಣಿಗೆ ಇದ್ದಿಲ ಕಣ ಬೀಳುವುದು ಖಂಡಿತ. ಅವ್ವ ಸೆರಗಿನ ತುದಿಗೆ ಬಾಯಿಂದ ಬಿಸಿ ಉಸಿರು ಊದಿ ಕಣ್ಣಿಗೆ ಒತ್ತುತ್ತಿದ್ದಳು. ಇಷ್ಟಾದರೂ ಇಣುಕುವುದನ್ನು ಯಾರೂ ಬಿಡುತ್ತಿರಲಿಲ್ಲ.

1961ರಲ್ಲಿ ನನ್ನ ಅಕ್ಕನನ್ನು ಚಿಂತಾಮಣಿ ಕಡೆಯ ಹಳ್ಳಿಗೆ ಕೊಟ್ಟರು. ನನಗಾಗ ಒಂಬತ್ತು ವರ್ಷ. ಗಂಡಿನ ಮನೆ ನೋಡಿ ಬಂದ ತಾತ ಜಗಲಿಯ ಮೇಲೆ ಕೂತು ಹೇಳಿದ ಮಾತು ನೆನಪಿದೆ. “ಜಮೀನು ಪರವಾಗಿಲ್ಲ, ಹುಡುಗ ಒಳ್ಳೇನು. ರೈಲು ಐತಲ್ಲ, ಮಗಳು ದೂರ ಆದಳು ಅನ್ನಂಗಿಲ್ಲ.” ನಮ್ಮ ಸೀಮೆಯಲ್ಲಿ ಎಷ್ಟೋ ಸಂಬಂಧಗಳು ಹೀಗೆ ಈ ಹಳಿಯ ಗುಂಟ ಕೂಡಿದವು. ಸಂತೆಯ ವ್ಯಾಪಾರದ ಜೊತೆಗೆ ಹೆಣ್ಣು ಕೊಟ್ಟು ತರುವುದೂ ಆ ರೈಲಿನಲ್ಲೇ ನಡೆಯುತ್ತಿತ್ತು.

ಅವ್ವ ವರ್ಷಕ್ಕೆ ನಾಲ್ಕೈದು ಸಲವಾದರೂ ಚಿಂತಾಮಣಿಗೆ ಹೊರಡುತ್ತಿದ್ದಳು. ಒಬ್ಬಳೇ. ಅಕ್ಷರ ಬಾರದ ಹೆಂಗಸು, ನಾಲ್ಕು ಗಂಟುಗಳು, ಒಂದು ಹಿತ್ತಾಳೆ ಚೊಂಬು. ಒಂದು ಗಂಟಿನಲ್ಲಿ ನಿಪ್ಪಟ್ಟು, ಚಕ್ಕುಲಿ, ಇನ್ನೊಂದರಲ್ಲಿ ಹುರುಳಿಕಾಳು, ಚಳಿಗಾಲವಾದರೆ ಸೊಗಡಿನ ಅವರೆಕಾಯಿ, ಜಾತ್ರೆಯ ಕಾಲವಾದರೆ ಬಳೆ, ಕಡ್ಲೆಪುರಿ. ನಂದಿಯಲ್ಲಿ ಹತ್ತಿದರೆ ನಡುವೆ ಇಳಿಯುವ ಗೋಜಿಲ್ಲ, ಚಿಂತಾಮಣಿಯಲ್ಲೇ ಇಳಿಯುವುದು. ಅಲ್ಲಿ ಭಾವನ ಎತ್ತಿನ ಗಾಡಿ. ಅವ್ವ ಓದಲಾರಳು, ಆದರೆ ಯಾವ ಊರು ಬಂತೆಂದು ಬೇವಿನ ಮರ, ಕೆರೆ ಏರಿ, ಬಂಡೆಗಳ ಗುರುತಿನ ಮೇಲೆ ಹೇಳಬಲ್ಲವಳಾಗಿದ್ದಳು. ಗಾರ್ಡು, ಮಾಸ್ಟ್ರು, ಗ್ಯಾಂಗಿನವರು ಎಲ್ಲರೂ ಅವಳ ಪರಿಚಯದವರೇ. ಗಂಟು ಎತ್ತಿಕೊಡುವವರು ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಿದ್ದರು.

ಅಕ್ಕನ ಎರಡನೇ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಭಾವ ಚಿಂತಾಮಣಿಯಲ್ಲಿ ಗಾರ್ಡಿಗೆ ಸುದ್ದಿ ಹೇಳಿದರಂತೆ. ರೈಲು ಹಾಲ್ಟಿಗೆ ಬಂದಾಗ ಗಾರ್ಡು ತನ್ನ ಡಬ್ಬಿಯಿಂದಲೇ ಕೂಗಿದರು: “ಮಾಸ್ಟ್ರೇ, ಚಿಂತಾಮಣಿಗೆ ಕೊಟ್ಟವ್ರಲ್ಲ, ಅವರ ಮನೆಗೆ ಹೇಳಿಕಳಿಸಿ. ಹೆಣ್ಣು ಮಗುವಂತೆ. ತಾಯಿ ಮಗು ಚೆನ್ನಾಗವ್ರಂತೆ!” ಹಾಲ್ಟಿನಲ್ಲಿದ್ದ ಹುಡುಗನೊಬ್ಬ ಎರಡು ಮೈಲಿ ಓಡಿ ಬಂದು ನಮ್ಮ ಬಾಗಿಲಲ್ಲಿ ನಿಂತ. ಅವ್ವ ಅವನ ಬಾಯಿಗೆ ಬೆಲ್ಲದ ಉಂಡೆ ಇಟ್ಟು, ಅವತ್ತೇ ರಾತ್ರಿ ಗಂಟು ಕಟ್ಟಲು ಕೂತಳು. ಭಾವ ಬರೆದ ಕಾರ್ಡು ಮೂರು ದಿನ ಬಿಟ್ಟು ಬಂತು. ಅಷ್ಟರಲ್ಲಿ ಅವ್ವ ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದಳು.

ಚಿಕ್ಕ ರೈಲು ಯಾಕೆ ನಿಂತಿತು ಎಂದು ಕೇಳಿದರೆ ಒಂದೇ ಕಾರಣ ಹೇಳುವುದು ಕಷ್ಟ. ರಸ್ತೆಗೆ ಟಾರು ಬಂತು, ಬಸ್ಸು ಬಂತು. ಬಸ್ಸು ಊರ ಮುಂದೆಯೇ ನಿಲ್ಲುತ್ತದೆ, ರೈಲಿಗೆ ಎರಡು ಮೈಲಿ ನಡೆಯಬೇಕು. ಬಸ್ಸು ದಿನಕ್ಕೆ ಹತ್ತು ಸಲ, ರೈಲು ಒಂದೋ ಎರಡೋ ಸಲ. ಲಾರಿ ಹೊಲದ ಬದುವಿಗೇ ಬಂದು ಆಲೂಗಡ್ಡೆ ಮೂಟೆ ಏರಿಸಿಕೊಳ್ಳತೊಡಗಿತು. ರೈಲಿನಲ್ಲಿ ಕಳಿಸಿದರೆ ಬಂಗಾರಪೇಟೆಯಲ್ಲಿ ಚಿಕ್ಕ ಡಬ್ಬಿಯಿಂದ ಇಳಿಸಿ ದೊಡ್ಡ ಡಬ್ಬಿಗೆ ಏರಿಸಬೇಕು. ಹಳಿಯ ಅಗಲವೇ ಬೇರೆ, ಡಬ್ಬಿ ಹಾಗೇ ಮುಂದೆ ಹೋಗುವಂತಿಲ್ಲ. ಒಂದೊಂದು ಮೂಟೆಯೂ ಹಮಾಲರ ಬೆನ್ನ ಮೇಲೆ ದಾಟಬೇಕು. ಹೊತ್ತೂ ದಂಡ, ಕೂಲಿಯೂ ದಂಡ. ಅಗ್ಗವೆಂದು ಹಾಕಿದ ಕಿರಿದು ಹಳಿಯೇ ಕೊನೆಗೆ ಅದರ ಕಾಲಿಗೆ ತೊಡಕಾಯಿತು.

ನಡುವೆ ರೈಲಿನ ಯಜಮಾನರೂ ಬದಲಾದರು. ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿತು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಆದಷ್ಟು ಮಟ್ಟಿಗೆ ಒಂದೇ ಅಗಲಕ್ಕೆ ತರುವ ‘ಯೂನಿಗೇಜ್’ ಯೋಜನೆ ಶುರುವಾಯಿತು. ನಮ್ಮ ಚಿಕ್ಕ ಹಳಿಯನ್ನು ಕಿತ್ತದ್ದು ಆ ದಶಕದಲ್ಲೇ. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ದೊಡ್ಡ ಹಳಿ ಬಂತು. ಅತ್ತ ಬಂಗಾರಪೇಟೆಯಿಂದ ಕೋಲಾರದವರೆಗೂ ಬಂತು. ನಡುವಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ತುಂಡು ಮಾತ್ರ ಉಳಿದುಹೋಯಿತು. ಹಾರದ ಎರಡು ತುದಿ ಇದ್ದು ನಡುವಿನ ದಾರ ಕಿತ್ತುಹೋದ ಹಾಗೆ. ಬೆಂಗಳೂರಿಗೆ ಹೋಗುವವರಿಗೆ ರೈಲು ಸಿಕ್ಕಿತು. ಚಿಂತಾಮಣಿಗೆ ಹೋಗುವವರಿಗೆ ಸಿಗಲಿಲ್ಲ.

ಅವ್ವನಿಗೆ ಆಗ ಎಪ್ಪತ್ತು ದಾಟಿತ್ತು. ಅವಳಿಗೆ ಬಸ್ಸಿನ ವಾಸನೆ ಆಗುತ್ತಿರಲಿಲ್ಲ. ಹತ್ತಿದ ಅರ್ಧ ಗಂಟೆಗೆ ತಲೆಸುತ್ತು, ವಾಂತಿ. ಬಾಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಚಿಕ್ಕಬಳ್ಳಾಪುರದವರೆಗೆ ಒಂದು ಬಸ್ಸು, ಅಲ್ಲಿಂದ ಚಿಂತಾಮಣಿಗೆ ಇನ್ನೊಂದು, ಅಲ್ಲಿಂದ ಹಳ್ಳಿಗೆ ಮತ್ತೊಂದು. ಬಸ್ಸಿನ ಮೆಟ್ಟಿಲು ಎತ್ತರ. ನಾಲ್ಕು ಗಂಟು ಎರಡಾಯಿತು, ಎರಡು ಒಂದಾಯಿತು. ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತಿದ್ದವಳು ಯುಗಾದಿಗೊಮ್ಮೆ ಹೋದಳು. ಆಮೇಲೆ ಅದೂ ನಿಂತಿತು. ಅತ್ತ ಅಕ್ಕನಿಗೆ ಮಂಡಿನೋವು. ನಾವು ಕರೆದುಕೊಂಡು ಹೋಗುತ್ತೇವೆ ಎಂದರೆ ಅವ್ವ ಒಪ್ಪುತ್ತಿರಲಿಲ್ಲ. “ನಿಮ್ಮ ಕೆಲಸ ಕೆಡಿಸ್ಕಂಡ್ ಬರ್ಬೇಡಿ. ನಾನೇ ಹೋಗೋದಾದ್ರೆ ಹೋಗ್ತೀನಿ. ಇನ್ನೊಬ್ಬರು ಹೊತ್ಕಂಡ್ ಹೋಗೋದಾದ್ರೆ ಅದು ಮಗಳ ಮನೆಗೆ ಹೋದಂಗಲ್ಲ” ಎನ್ನುತ್ತಿದ್ದಳು. ಫೋನಿನಲ್ಲಿ ಮಾತಾಡಿಸಿದರೆ ಇಬ್ಬರೂ ಜೋರಾಗಿ ಕೂಗಿ, “ಚೆನ್ನಾಗಿದ್ದೀಯ?” “ಚೆನ್ನಾಗಿದ್ದೀನಿ” ಎಂದು ಎರಡು ಮಾತಿಗೆ ಮುಗಿಸುತ್ತಿದ್ದರು. ಅವರ ಮಾತು ಯಾವತ್ತೂ ಗಂಟು ಬಿಚ್ಚುತ್ತಾ, ಅವರೆಕಾಯಿ ಸುಲಿಯುತ್ತಾ ಆಡುವ ಮಾತು. ಫೋನಿಗೆ ಅದು ಹೊಂದುತ್ತಿರಲಿಲ್ಲ.

2004ರಲ್ಲಿ ಅವ್ವ ತೀರಿಕೊಂಡಳು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ದೊಡ್ಡ ರೈಲು ಓಡಿದ್ದು 2013ರಲ್ಲಿ. ಒಂಬತ್ತು ವರ್ಷ ತಡ.

ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಹಳೆಯ ಇಂಜಿನ್ನು ಹೊಗೆಯುಗುಳುತ್ತಾ ಇವತ್ತಿಗೂ ಓಡುತ್ತಿರಲಿ ಎಂದು ಬಯಸುವುದು ಆಗುಹೋಗದ ಮಾತು. ಆದರೆ ಒಂದು ರೈಲು ಲಾಭವೋ ನಷ್ಟವೋ ಎಂದು ಎಣಿಸುವಾಗ ಟಿಕೆಟ್ಟುಗಳನ್ನು ಎಣಿಸುತ್ತಾರೆ, ಮೂಟೆಗಳನ್ನು ಎಣಿಸುತ್ತಾರೆ. ಅವ್ವನ ನಾಲ್ಕು ಗಂಟುಗಳಿಗೆ ಆ ಪುಸ್ತಕದಲ್ಲಿ ಕಲಂ ಇರುವುದಿಲ್ಲ. ನಗರಕ್ಕೆ ಹೋಗುವ ದಾರಿ ಹೇಗೋ ಆಗುತ್ತದೆ, ಅದಕ್ಕೆ ಕೇಳುವವರು ಬಹಳ ಮಂದಿ. ಒಂದು ತಾಲೂಕಿನ ಹಳ್ಳಿಯಿಂದ ಪಕ್ಕದ ತಾಲೂಕಿನ ಹಳ್ಳಿಗೆ, ವಯಸ್ಸಾದವರು ಯಾರ ಹಂಗೂ ಇಲ್ಲದೆ ಹೋಗಿಬರುವ ದಾರಿ ಇದೆಯಲ್ಲ, ಅದು ಮುಚ್ಚಿದರೆ ಸದ್ದಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮೊಮ್ಮಗಳನ್ನು ನಂದಿಗೆ ಕರೆದುಕೊಂಡು ಹೋಗಿದ್ದೆ. ದೇವಸ್ಥಾನ ನೋಡಿಕೊಂಡು ಬರುವಾಗ ಹಾಲ್ಟಿನ ಕಡೆ ಹೋದೆವು. ಹಳಿ ಹೊಸದು, ಅಗಲ. ಆದರೆ ಕಟ್ಟಡದ ಬಾಗಿಲಿಗೆ ಬೀಗ. ಅಲ್ಲಲ್ಲಿ ಹೆಂಚು ಒಡೆದಿತ್ತು. ಟಿಕೆಟ್ಟಿನ ಕಿಟಕಿಗೆ ಜೇಡರ ಬಲೆ. ಅಷ್ಟರಲ್ಲಿ ಒಂದು ರೈಲು ಬಂದು, ನಿಂತು, ಹೋಯಿತು.

“ತಾತ, ಹಳಿ ಇದೆ, ರೈಲೂ ಬರುತ್ತೆ. ಮತ್ತೆ ಸ್ಟೇಷನ್ನಿಗೆ ಯಾಕೆ ಬೀಗ?”

ಮಕ್ಕಳ ಪ್ರಶ್ನೆಗಳು ಹೀಗೇ. ಹಳಿ ಇದ್ದ ಮೇಲೆ ಸ್ಟೇಷನ್ ಇರಬೇಕು, ಸ್ಟೇಷನ್ ಇದ್ದ ಮೇಲೆ ಬಾಗಿಲು ತೆರೆದಿರಬೇಕು. ಈ ಕಟ್ಟಡ ಚಿಕ್ಕ ರೈಲಿಗೆಂದು ಕಟ್ಟಿದ್ದು, ಆ ರೈಲು ಹೋದ ಮೇಲೆ ಇಲ್ಲಿ ಕೂತು ಟಿಕೆಟ್ಟು ಕೊಡುವ ಕೆಲಸವೂ ಹೋಯಿತು, ಕಟ್ಟಡ ಉಳಿಯಿತು ಎಂದು ಹೇಳಿದೆ. ಅವಳು ಕಿಟಕಿಯ ಸರಳಿನೊಳಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. “ಒಳಗೆ ಏನೂ ಇಲ್ಲ ತಾತ” ಎಂದಳು. ಆಮೇಲೆ, “ಟಕ್ ಅನ್ನೋ ಮಿಷಿನ್ನು ಎಲ್ಲಿ ಇಟ್ಟಿದ್ರು?” ಎಂದು ಕೇಳಿದಳು. ತೋರಿಸಿದೆ.

ಈಗ ಒಂದು ಒಳ್ಳೆಯ ಸುದ್ದಿ. ನಂದಿ ಹಾಲ್ಟಿನ ಬೀಗ ತೆಗೆದಿದ್ದಾರೆ. ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಎಂಬ ಸಂಸ್ಥೆ ರೈಲ್ವೆಯವರ ಜೊತೆ ಸೇರಿ ಈ ದಾರಿಯ ನೂರು ವರ್ಷ ದಾಟಿದ ಸ್ಟೇಷನ್‌ಗಳ ದುರಸ್ತಿಗೆ ಕೈಹಾಕಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ನಂದಿ ಹಾಲ್ಟಿನ ಕಟ್ಟಡ ಹಳೆಯ ರೂಪ ಕೆಡದಂತೆ ಮತ್ತೆ ಎದ್ದು ನಿಂತಿದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಕರೆಂಟಿನ ರೈಲು ಅಲ್ಲಿಗೆ ಬಂದಿತು. ಇದ್ದಿಲು ತಿನ್ನುತ್ತಿದ್ದ ದಾರಿಯಲ್ಲಿ ಈಗ ತಂತಿಯಿಂದ ಕರೆಂಟು ಹೀರುವ ಇಂಜಿನ್ನು.

ಇನ್ನೂ ಒಂದು ಸೋಜಿಗ ಕೇಳಿ. ನಾನು ಬಾಯಿಪಾಠ ಮಾಡಿದ್ದ ಊರುಗಳ ಸಾಲಿಗೆ ಹೊಸದೊಂದು ಹೆಸರು ಸೇರಿದೆ. ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ 2021ರ ಜನವರಿಯಲ್ಲಿ ಒಂದು ಹೊಸ ಹಾಲ್ಟ್ ತೆರೆದರು. ಅದು ವಿಮಾನ ನಿಲ್ದಾಣದ ಹಾಲ್ಟ್! ರೇಷ್ಮೆಗೂಡಿನ ಬುಟ್ಟಿ ಹೊತ್ತು ಓಡುತ್ತಿದ್ದ ದಾರಿಯಲ್ಲೀಗ ವಿಮಾನ ಹತ್ತುವವರೂ ಇಳಿಯಬಹುದು. ಹಾಲ್ಟ್ ಎಂದರೆ ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡದಕ್ಕೂ ಸಲ್ಲುತ್ತದೆ ನೋಡಿ.

ಕಟ್ಟಡಕ್ಕೆ ಸುಣ್ಣಬಣ್ಣ ಬಂದದ್ದು ಸಂತೋಷವೇ. ಅದಕ್ಕಿಂತ ಸಂತೋಷದ ದಿನ ನನಗೆ ಇನ್ನೊಂದು. ಮೊಮ್ಮಗಳ ರಜೆಯಲ್ಲಿ ನಾವಿಬ್ಬರೂ ಚಿಂತಾಮಣಿಗೆ ರೈಲಿನಲ್ಲೇ ಹೋದೆವು. ದೊಡ್ಡ ಹಳಿ, ದೊಡ್ಡ ಡಬ್ಬಿ, ಅಲುಗಾಟ ಕಡಿಮೆ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕಿಟಕಿಯಾಚೆ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು, ಬಂಡೆಗುಡ್ಡಗಳು. ಅವ್ವ ಗುರುತಿಟ್ಟುಕೊಂಡಿದ್ದ ಬೇವಿನ ಮರಗಳು ನನಗೆ ಸಿಗಲಿಲ್ಲ. ಬಂಡೆಗಳು ಮಾತ್ರ ಇದ್ದಲ್ಲೇ ಇದ್ದವು. ಮೊಮ್ಮಗಳು ಊರುಗಳ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಲು ಹೊರಟು, ವಿಮಾನ ನಿಲ್ದಾಣವನ್ನೂ ಸೇರಿಸಿದ್ದರಿಂದ ಚಿಂತಾಮಣಿಗೇ ಉಸಿರು ಕಟ್ಟಿ ನಕ್ಕಳು.

ಅಕ್ಕನಿಗೀಗ ಎಂಬತ್ತು. ನಾವು ರೈಲಿನಲ್ಲಿ ಬಂದೆವು ಎಂದು ಹೇಳಿದಾಗ ಮೊದಲು ನಂಬಲಿಲ್ಲ. ರೈಲು ಮತ್ತೆ ಓಡುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಅದು ಅವಳ ಲೆಕ್ಕಕ್ಕೆ 'ಬೆಂಗಳೂರಿಗೆ ಹೋಗೋ ರೈಲು'. ಅದರಲ್ಲಿ ತವರಿನಿಂದ ಯಾರಾದರೂ ಬಂದಿಳಿಯಬಹುದು ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ.

“ನಂದಿಯಾಗೆ ಹತ್ತಿ, ಇಲ್ಲೇ ಇಳಿದ್ರಾ? ನಡುವೆ ಎಲ್ಲೂ ಇಳೀಲಿಲ್ಲವಾ?”

“ಎಲ್ಲೂ ಇಳೀಲಿಲ್ಲ ಅಕ್ಕ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೋಲೂರಿಕೊಂಡು ಒಳಗೆ ಹೋದಳು. ಒಂದು ಗಂಟು ಹುಣಸೆಹಣ್ಣು, ಒಂದು ಗಂಟು ಹುರಿಗಾಳು, ಒಂದು ಗಂಟು ಹಪ್ಪಳ ತಂದು ಮೊಮ್ಮಗಳ ಮುಂದಿಟ್ಟಳು. ಇಷ್ಟೊಂದು ಹೇಗೆ ಒಯ್ಯುವುದು ಎಂದು ನಾನು ಕೇಳಿದ್ದಕ್ಕೆ, “ಬಸ್ಸಿನಾಗೆ ಹೋಗೋರಿಗೆ ಆ ಚಿಂತೆ. ರೈಲು ಅಲ್ವಾ, ಇಟ್ಕಳ್ಳಿ” ಎಂದಳು. ಎಷ್ಟೋ ವರ್ಷದ ಮೇಲೆ ಆ ಮಾತು ಕೇಳಿದೆ. ಅವ್ವನದೇ ಮಾತು.

ಓದುವ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ಸುತ್ತ ಬೀಗ ಬಿದ್ದ ಸ್ಟೇಷನ್ನೋ, ಕಿತ್ತ ಹಳಿಯ ಏರಿಯೋ ಇದೆಯೇ ನೋಡಿ. ನಮ್ಮ ನಾಡಿನಲ್ಲಿ ಅಂಥವು ಇಲ್ಲದ ಸೀಮೆ ಕಡಿಮೆ. ಇದ್ದರೆ ಅಜ್ಜಿ ತಾತಂದಿರನ್ನು ಮೂರು ಪ್ರಶ್ನೆ ಕೇಳಿ: ಅಲ್ಲಿ ಯಾರು ಹತ್ತುತ್ತಿದ್ದರು? ಏನು ಒಯ್ಯುತ್ತಿದ್ದರು? ರೈಲು ನಿಂತ ಮೇಲೆ ಯಾರ ಮನೆಗೆ ಹೋಗುವುದು ಕಡಿಮೆಯಾಯಿತು? ಉತ್ತರಗಳನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಹಳಿಯ ಉದ್ದ, ತೆರೆದ ವರ್ಷ ದಾಖಲೆಗಳಲ್ಲಿ ಸಿಗುತ್ತವೆ. ಈ ಮೂರು ಉತ್ತರಗಳು ಅವರ ಬಾಯಲ್ಲಿ ಮಾತ್ರ ಇವೆ.

ಅಜ್ಜಿ ತಾತಂದಿರಿಗೂ ಒಂದು ಮಾತು. ರೈಲು ಮತ್ತೆ ಬಂದಿರುವ ಊರಿನಲ್ಲಿ ನೀವಿದ್ದರೆ, ಒಂದು ಸಲ ಹತ್ತಿ. ಬೆಂಗಳೂರಿನ ಕಡೆಗಲ್ಲ, ಅತ್ತ ಪಕ್ಕದ ತಾಲೂಕಿನ ಕಡೆಗೆ. ಅಲ್ಲಿ ನಿಮ್ಮವರು ಯಾರೋ ಇದ್ದೇ ಇರುತ್ತಾರೆ. ಜೊತೆಗೆ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ, ಗಂಟು ಹೊರಲು ಕೈ ಬೇಕಲ್ಲ. ಹೊರಡುವ ಮುಂಚೆ ರೈಲಿನ ಹೊತ್ತು ಮಾತ್ರ ವಿಚಾರಿಸಿಕೊಳ್ಳಿ. ಈ ದಾರಿಯಲ್ಲಿ ದಿನಕ್ಕೆ ಓಡುವ ರೈಲುಗಳು ಈಗಲೂ ಬೆರಳೆಣಿಕೆಯಷ್ಟೇ. ಹತ್ತುವವರು ಹೆಚ್ಚಿದರೆ ಅವೂ ಹೆಚ್ಚಾವು.